ಮೂವತ್ತೆರಡನೆಯ ಚೀಟಿ

ಈ ಕಥೆಯನ್ನು ಎಲ್ಲಿಂದ ಆರಂಭಿಸುವುದು? ಮನೆಗೆ ಹೊಸ್ತಿಲು ಹೇಗೋ ಬರಹಕ್ಕೆ ಪೀಠಿಕೆ ಹಾಗೆ ಎಂದು ನಂಬಿ ಬೆಳೆದವನು ನಾನು. ಆದರೆ ಈ ಮನೆಯ ಹೊಸ್ತಿಲನ್ನು ಯಾವ ದಿಕ್ಕಿಗೆ ಇಟ್ಟರೂ, ಇಟ್ಟ ಮರುಗಳಿಗೆಯಲ್ಲಿ ಅದರ ಮೇಲೆ ಯಾರೋ ಕೂತಿರುತ್ತಾರೆ.

ಮೊದಲ ಕರಡು ಹೀಗಿತ್ತು: ‘ಒಂದು ಶಾಲೆಯಲ್ಲಿ ಒಬ್ಬ ಟೀಚರ್ ಇದ್ದರು. ಮಕ್ಕಳ ಕಲಿಕೆಯ ಹೊಣೆಯನ್ನು ಮಕ್ಕಳ ಕೈಗೇ ಕೊಡಬೇಕೆಂದು ಅವರು ನಿಶ್ಚಯಿಸಿದರು. ಮಕ್ಕಳು ಬಹಳ ಚೆನ್ನಾಗಿ ಕಲಿತರು.’ ಹರಿದು ಹಾಕಿದೆ. (ಅದು ಕಥೆಯಲ್ಲ, ಸ್ಕೂಲ್ ಡೇ ವರದಿ.)

ಎರಡನೆಯ ಕರಡು ಕುರ್ಚಿಗಳಿಂದ ಆರಂಭವಾಗುತ್ತಿತ್ತು. ಅದನ್ನು ಹರಿಯಲಿಲ್ಲ, ನಾಲ್ಕಾಗಿ ಮಡಚಿ ಮೇಜಿನ ಖಾನೆಯಲ್ಲಿಟ್ಟೆ. ಕಾರಣವನ್ನು ಸಮಯ ಬಂದಾಗ ಹೇಳುತ್ತೇನೆ.

ಇದು ಮೂರನೆಯದು. ಇದಕ್ಕೆ ಪೀಠಿಕೆಯಿಲ್ಲ. ನೇರವಾಗಿ ತರಗತಿಯೊಳಗೆ ಹೋಗೋಣ. ಬಾಗಿಲು ತಟ್ಟುವುದು ಬೇಡ, ಒಳಗಿರುವವರಿಗೆ ನಾವು ಬರುವುದು ಆಗಲೇ ಗೊತ್ತಾಗಿದೆ.

೧

ಏಳನೆಯ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ಟೀಚರ್‌ಗೆ ಇಪ್ಪತ್ತಾರು ವರ್ಷದ ಸರ್ವೀಸು. ಅಷ್ಟು ವರ್ಷವೂ ಅವರು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿದರು, ನೋಟ್‌ಬುಕ್ಕಿನದನ್ನು ಪರೀಕ್ಷೆಯ ಹಾಳೆಗೆ ಇಳಿಸಿದರು, ಪರೀಕ್ಷೆ ಮುಗಿದ ಸಂಜೆ ತಲೆಯಿಂದಲೂ ಇಳಿಸಿ ಹಗುರಾದರು. ಈ ಇಳಿಜಾರನ್ನು ನೋಡಿ ನೋಡಿ ರೋಸಿಹೋಗಿ, ಆ ವರ್ಷದ ಮೊದಲ ಸೋಮವಾರ ಟೀಚರ್ ಒಂದು ಪದ್ಧತಿ ತಂದರು. ಹೆಸರು ‘ಹೊಣೆ ಚೀಟಿ’. ಅಂಗೈಯಗಲದ ಹಳದಿ ಕಾಗದ, ಅದರಲ್ಲಿ ಮೂರು ಪ್ರಶ್ನೆ: ಈ ವಾರ ನಾನು ಏನು ಕಲಿಯುತ್ತೇನೆ? ಕಲಿತೆನೆಂದು ಹೇಗೆ ಗೊತ್ತಾಗುತ್ತದೆ? ಯಾರ ಸಹಾಯ ಬೇಕು? ಕೆಳಗೆ ವಿದ್ಯಾರ್ಥಿಯ ಸಹಿ, ಟೀಚರ್ ಸಹಿ. ಟರ್ಮಿನ ಕೊನೆಯ ಚೀಟಿಯಲ್ಲಿ ಮಾತ್ರ ಇನ್ನೂ ಒಂದು ಗೆರೆ: ಪೋಷಕರ ಸಹಿ.

(ಆ ಗೆರೆಯ ಮೇಲೆ ಒಂದು ಕಣ್ಣಿಟ್ಟಿರಿ.)

ಹಾಜರಿ ಕರೆಯುವುದು ಮಕ್ಕಳದೇ ಕೆಲಸ. ತಮ್ಮ ಉತ್ತರವನ್ನು ತಾವೇ ತಿದ್ದಿಕೊಳ್ಳಬೇಕು. ಏನನ್ನು ಮೊದಲು ಕಲಿಯಬೇಕು, ಏನನ್ನು ಆಮೇಲೆ ಎಂಬುದನ್ನೂ ಅವರೇ ಗೊತ್ತುಮಾಡಬೇಕು. ಇಷ್ಟು ಹೇಳಿ ಟೀಚರ್ ಚಪ್ಪಾಳೆಗೆ ಕಾದಂತೆ ನಿಂತರು. ಎದ್ದು ನಿಂತವಳು ಲಾಯರಮ್ಮ. ಹನ್ನೆರಡು ವರ್ಷದ ಹುಡುಗಿಗೆ ಆ ಅಡ್ಡಹೆಸರು ಬಂದದ್ದು, ಯಾವ ಮಾತಿಗೂ ‘ಹೂಂ’ ಎನ್ನುವ ಮೊದಲು ‘ಯಾಕೆ’ ಎನ್ನುತ್ತಿದ್ದುದರಿಂದ.

“ಟೀಚರ್, ನಾವು ಡಿಸೈಡ್ ಮಾಡ್ತೀವಿ. ಆಮೇಲೆ ನೀವು ಬಂದು ‘ಅದು ಸರಿ ಇಲ್ಲ’ ಅಂತ ಅಳಿಸ್ತೀರ. ದೊಡ್ಡವರೆಲ್ಲ ಹಾಗೇ ತಾನೆ?”

“ನಾನು ಅಳಿಸಲ್ಲ.”

“ಬರ್ಕೊಡಿ.”

ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ನಗಲಿಲ್ಲ. ಬೋರ್ಡಿನ ಮೂಲೆಯಲ್ಲಿ ದುಂಡಗೆ ಬರೆದರು: ‘ನೀವು ತೀರ್ಮಾನಿಸಿದ್ದನ್ನು ನಾನು ಅಳಿಸುವುದಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಗಿಸುವುದಿಲ್ಲ.’ ಕೆಳಗೆ ಸಹಿ ಹಾಕಿದರು. ಮಕ್ಕಳು ಅದರ ಸುತ್ತ ಟೇಪು ಅಂಟಿಸಿ ಡಸ್ಟರ್ ಆ ಕಡೆ ಸುಳಿಯದಂತೆ ಗಡಿ ಹಾಕಿದರು.

ತಪ್ಪು ನಡೆದದ್ದು ಇದಾದ ಐದೇ ನಿಮಿಷಕ್ಕೆ. “ಗುಂಪಿಗೆ ನಾಲ್ಕು ಜನ,” ಎಂದರು ಟೀಚರ್. “ಮೂರೂ ಅಲ್ಲ, ಐದೂ ಅಲ್ಲ. ನಾಲ್ಕು ಚೀಟಿ ಬರದೆ ಗುಂಪಿನ ಕೆಲಸ ಮುಗೀತು ಅನ್ನೋ ಹಾಗಿಲ್ಲ.” ಕೋಣೆಯಲ್ಲಿ ಮೂವತ್ತೆರಡು ಕುರ್ಚಿಗಳಿದ್ದವು, ಎಂಟು ನಾಲ್ಕಲಿ ಮೂವತ್ತೆರಡು, ಲೆಕ್ಕ ಬೆಣ್ಣೆಯಂತೆ ಕೂತಿತು. ಆದರೆ ಮಕ್ಕಳಿದ್ದದ್ದು ಮೂವತ್ತೊಂದು. ತಲೆ ಎಣಿಸುವ ಬದಲು ಕುರ್ಚಿ ಎಣಿಸುವುದು ಹಳೆಯ ಟೀಚರುಗಳು ಮಾತ್ರ ಮಾಡಬಲ್ಲ ತಪ್ಪು. ಉಳಿದವರ ಕಣ್ಣಿಗೆ ಮಕ್ಕಳೂ ಕುರ್ಚಿಗಳೂ ಬೇರೆ ಬೇರೆಯಾಗಿ ಕಾಣುತ್ತವೆ.

ಕಿಟಕಿಯ ಪಕ್ಕದ ಗುಂಪಿನಲ್ಲಿ ಮೂವರೇ ಉಳಿದರು. ಒಬ್ಬಳು ಲಾಯರಮ್ಮ. ಇನ್ನೊಬ್ಬ ‘ಗಡಿಯಾರ’, ಐದು ನಿಮಿಷಕ್ಕೊಮ್ಮೆ ಮಣಿಕಟ್ಟು ನೋಡಿ ಬೆಲ್ಲಿಗೆ ಇನ್ನೆಷ್ಟು ಹೊತ್ತೆಂದು ಸಾರುವ ಹುಡುಗ. ಮೂರನೆಯವಳು ‘ಇಲಿಮರಿ’. ಎರಡು ವರ್ಷದಿಂದ ಆ ಶಾಲೆಯಲ್ಲಿ ಅವಳ ದನಿ ಕೇಳಿದವರಿಲ್ಲ. ಹಾಜರಿಗೂ ಕೈಯೆತ್ತುತ್ತಿದ್ದಳೇ ಹೊರತು ತುಟಿ ತೆರೆಯುತ್ತಿರಲಿಲ್ಲ.

ಲಾಯರಮ್ಮ ಮೇಜಿನ ಬಳಿ ಬಂದಳು. “ಟೀಚರ್, ನಮ್ಮಲ್ಲಿ ಮೂರೇ ಜನ. ನಾಲ್ಕನೆಯವರು ಇಲ್ಲ.”

ಟೀಚರ್ ತಲೆಯೆತ್ತಲಿಲ್ಲ. ಹೊಸ ಪದ್ಧತಿಯ ಹುರುಪು. “ಅದನ್ನ ನನ್ನ ಕೇಳಬಾರದು. ಹೊಣೆ ಯಾರದು?”

“ನಮ್ಮದು.”

“ಮತ್ತೆ? ನೀವೇ ನೋಡ್ಕೊಳ್ಳಿ.”

ಅವರು ನೋಡಿಕೊಂಡರು.

೨

ಮುಂದಿನ ಸೋಮವಾರ ಚೀಟಿಗಳಿಗೆಲ್ಲ ಸಹಿ ಹಾಕಿ ಎಣಿಸಿದಾಗ ಮೂವತ್ತೆರಡಾದವು. ಯಾರೋ ಎರಡು ಬರೆದಿರಬೇಕೆಂದು ಟೀಚರ್ ಮತ್ತೆ ಒಂದೊಂದಾಗಿ ತೆಗೆದರು. (ಮೊದಲು ಸಹಿ, ಆಮೇಲೆ ಓದು. ಇದೂ ಇಪ್ಪತ್ತಾರು ವರ್ಷದ ಅಭ್ಯಾಸವೇ.) ಕೊನೆಯದರಲ್ಲಿ ಹೀಗಿತ್ತು:

‘ಈ ವಾರ ನಾನು ಏನು ಕಲಿಯುತ್ತೇನೆ? — ಕುರ್ಚಿಯಲ್ಲಿ ಕೂರುವುದು. ಹೇಗೆ ಗೊತ್ತಾಗುತ್ತದೆ? — ಕುರ್ಚಿಯನ್ನು ಯಾರೂ ಎತ್ತುವುದಿಲ್ಲ. ಯಾರ ಸಹಾಯ ಬೇಕು? — ಮೂವರದು.’

ಸಹಿಯ ಜಾಗದಲ್ಲಿ ಪೆನ್ಸಿಲಿನ ಒಂದು ಚಿಕ್ಕ ನೆಟ್ಟಗೆರೆ ಮಾತ್ರ. ಉಳಿದದ್ದನ್ನು ಬರೆಯಲು ಅನುಮತಿ ಕಾಯುತ್ತಿರುವ ಹೆಸರಿನಂತೆ. ಬರಹ ಲಾಯರಮ್ಮನದಲ್ಲ, ಗಡಿಯಾರನದಲ್ಲ, ಇಲಿಮರಿಯದೂ ಅಲ್ಲ. ಮೂವರ ಕೈಬರಹವನ್ನೂ ಟೀಚರ್ ಕಣ್ಣುಮುಚ್ಚಿ ಗುರುತಿಸಬಲ್ಲರು. ‘ಕಿಲಾಡಿಗಳು’ ಎಂದು ನಕ್ಕು ಚೀಟಿಯನ್ನು ಕಟ್ಟಿನೊಳಗೆ ಸೇರಿಸಿದರು.

ಸಂಜೆ ಟೀಚರ್ ಮನೆಗೆ ಬಂದಾಗ ಬಾಗಿಲು ತೆರೆದ ಅವರ ಅಕ್ಕ ಎಂದಿನಂತೆ, “ಇಷ್ಟೊತ್ತು ಎಲ್ಲಿದ್ದೆ?” ಎಂದಳು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿ ನಿವೃತ್ತಳಾದ ಅಕ್ಕ, ತಂಗಿ ಐದಕ್ಕೆ ಬಂದರೂ ಏಳಕ್ಕೆ ಬಂದರೂ, ಭಾನುವಾರ ಮೂಲೆಯಂಗಡಿಗೆ ಹೋಗಿ ಹತ್ತೇ ನಿಮಿಷಕ್ಕೆ ಬಂದರೂ ಇದನ್ನೇ ಕೇಳುತ್ತಿದ್ದಳು. ಅದು ಪ್ರಶ್ನೆಯೇ ಅಲ್ಲ. ಕೀಲು ಕಿರುಗುಟ್ಟಿದಂತೆ, ಆ ಬಾಗಿಲು ತೆರೆದಾಗ ಆಗುವ ಸದ್ದು. ಚೀಟಿಯ ವಿಷಯ ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೂವತ್ತೊಂದು ಸಾಲದು ಅಂತ ಇನ್ನೊಂದನ್ನ ಹಡೆದ್ಯೇನೆ?”

ಶುಕ್ರವಾರ ಶಾಲೆ ಬಿಟ್ಟ ಮೇಲೆ ಆಯಾ ನೆಲ ಒರೆಸಲು ಕುರ್ಚಿಗಳನ್ನೆಲ್ಲ ಮೇಜುಗಳ ಮೇಲೆ ಮಗುಚಿ ಹಾಕಿದಳು. ಕಿಟಕಿಯ ಪಕ್ಕದ ಒಂದು ಕುರ್ಚಿ ನೆಲದ ಮೇಲೇ ಉಳಿಯಿತು. ಅದರ ಸುತ್ತ ನೆಲ ಒದ್ದೆ, ಅಡಿಯಲ್ಲಿ ಒಣ.

“ಅದೊಂದನ್ನ ಯಾಕೆ ಬಿಟ್ಟೆ?” ಎಂದರು ಟೀಚರ್.

ಆಯಾ ಸೊಂಟದ ಮೇಲೆ ಕೈಯಿಟ್ಟು ಕುರ್ಚಿಯನ್ನೇ ನೋಡಿದಳು. “ಏನೋ ತಾಯಿ, ಕೈ ಹೋಗ್ಲಿಲ್ಲ.”

ಅಲ್ಲಿಂದ ವಾರಕ್ಕೊಂದು ಚೀಟಿ ತಪ್ಪದೆ ಬಂತು. ‘ಹೆಸರು ಕರೆದಾಗ ಇರುವುದು’ ಎಂದು ಒಂದು. ಆ ವಾರದಿಂದ ಹಾಜರಿ ಕರೆಯುವ ಮಗು ಮೂವತ್ತೊಂದರ ನಂತರ “ಮೂವತ್ತೆರಡು” ಎನ್ನುತ್ತಿತ್ತು. ಒಬ್ಬರು ‘ಪ್ರೆಸೆಂಟ್’ ಅನ್ನಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಸುಮ್ಮನಿದ್ದು, ಗುರುತು ಹಾಕಿ ಪುಸ್ತಕ ಮುಚ್ಚುತ್ತಿತ್ತು. ಇಡೀ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ. ಏಳನೆಯ ತರಗತಿಯ ಮಕ್ಕಳು ಒಂದು ತಮಾಷೆಗೆ ಮೂರು ವಾರ ನಗದೆ ಇರಬಲ್ಲರೇ? ಮಕ್ಕಳನ್ನು ಬಲ್ಲ ಓದುಗರು ಹೇಳಲಿ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಟೀಚರ್ ಬೋರ್ಡಿನ ಮುಂದೆ ನಿಂತು ಬೇರಿನ ಚಿತ್ರ ಬರೆಯುತ್ತಿದ್ದಾಗ, ಯಾರೂ ಕೇಳಿರದ ತೆಳ್ಳನೆಯ ದನಿಯೊಂದು ಬಂತು.

“ಟೀಚರ್, ಅವಳಿಗೆ ಬೋರ್ಡು ಕಾಣ್ತಿಲ್ವಂತೆ. ಸ್ವಲ್ಪ ಸರೀತೀರಾ?”

ಟೀಚರ್ ಸರಿದರು. ಸರಿದ ಮೇಲೆ ಎರಡು ಸಂಗತಿಗಳು ಅವರಿಗೆ ಒಟ್ಟಿಗೆ ಹೊಳೆದವು. ಒಂದು, ಮಾತಾಡಿದ್ದು ಇಲಿಮರಿ. ಎರಡು, ತಾವು ಸರಿದದ್ದು.

೩

ಆವಿಯಾಗುವಿಕೆಯ ಪಾಠಕ್ಕೆ ಪ್ರತಿ ಗುಂಪೂ ತಲೆಗೊಂದರಂತೆ ನಾಲ್ಕು ಗಾಜಿನ ಲೋಟಗಳಲ್ಲಿ ನೀರಿಟ್ಟು ಹದಿನೈದು ದಿನ ಅಳೆಯಬೇಕಿತ್ತು. ಕಿಟಕಿ ಗುಂಪಿನ ಲೋಟಗಳು ಲ್ಯಾಬಿನ ಕಟ್ಟೆಯ ಮೇಲಿದ್ದವು. ಅಲ್ಲಿನ ಕಿಟಕಿಗಳಿಗೆ ತೆರೆಯಲು ಬಾರದ ಗಾಜು. ಮೂರು ಲೋಟಗಳ ನೀರು ದಿನದಿನಕ್ಕೆ ಇಳಿಯಿತು. ನಾಲ್ಕನೆಯದರಲ್ಲಿ ಏರಿತು.

ಇದನ್ನು ನಂಬುವ ಹೆಂಗಸಲ್ಲ ಟೀಚರ್. ಶುಕ್ರವಾರ ಸಂಜೆ ನಾಲ್ಕನೆಯ ಲೋಟದ ನೀರಿನ ಮಟ್ಟಕ್ಕೆ ತಮ್ಮ ಕೈಯಾರೆ ಗುರುತು ಹಾಕಿದರು. ಲ್ಯಾಬಿಗೆ ಬೀಗ ಜಡಿದು ಬೀಗದ ಕೈಯನ್ನು ಪರ್ಸಿನಲ್ಲಿಟ್ಟು ಮನೆಗೆ ಹೋದರು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದರು. ನೀರು ಗುರುತಿಗಿಂತ ಒಂದು ಬೆರಳು ಮೇಲಿತ್ತು. ಲೋಟದ ಅಂಚಿನಲ್ಲಿ, ಉಸಿರು ತಾಗಿದ ಕನ್ನಡಿಯಂತೆ, ಮಂಜು.

ಅಂದಿನ ಚೀಟಿ: ‘ನನ್ನ ಲೋಟದಲ್ಲಿ ನೀರು ಏರುತ್ತಿದೆ. ಕಾರಣ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯುವುದನ್ನು ಈ ವಾರ ಕಲಿತೆ.’

ಇಪ್ಪತ್ತಾರು ವರ್ಷದಲ್ಲಿ ಯಾವ ಮಗುವೂ ಅಷ್ಟು ಪ್ರಾಮಾಣಿಕವಾದ ವರದಿ ಬರೆದಿರಲಿಲ್ಲ. ಟೀಚರ್ ಅಂಚಿನಲ್ಲಿ ‘ಉತ್ತಮ’ ಎಂದು ಬರೆದರು.

೪

(ಈ ಭಾಗದಲ್ಲಿ ನಾಲ್ಕನೆಯವಳು ಕೂತಿದ್ದಾಳೆ. ದಯವಿಟ್ಟು ಸುತ್ತುಬಳಸಿ ಮುಂದೆ ಹೋಗಿ.)

೫

ಹೆಡ್ ಮೇಡಂ ಕೆಟ್ಟವರಲ್ಲ. ಇಂಥ ಕಥೆಗಳಲ್ಲಿ ಅವರನ್ನು ಕೆಟ್ಟವರನ್ನಾಗಿ ಮಾಡುವುದು ರೂಢಿ. ಆ ಸುಲಭದ ದಾರಿ ನನಗೆ ಬೇಡ. ಇಲಿಮರಿ ಮಾತಾಡಿದಳೆಂದು ಕೇಳಿ ಕಣ್ಣೊರೆಸಿಕೊಂಡವರು ಅವರೇ. ಆದರೂ ಟರ್ಮಿನ ಕೊನೆಯ ಶುಕ್ರವಾರ ಟೀಚರನ್ನು ಕರೆಸಿ ಹೀಗೆಂದರು:

“ನೋಡಿ, ನಿಮ್ಮ ಚೀಟಿ ಪದ್ಧತಿ ಮುಂದಿನ ವರ್ಷ ಇಡೀ ಸ್ಕೂಲಿಗೇ ಬರಲಿ ಅಂತ ನನಗೂ ಆಸೆ. ಆದರೆ ರಿಜಿಸ್ಟರಲ್ಲಿ ಮೂವತ್ತೊಂದು, ನಿಮ್ಮ ಕಟ್ಟಲ್ಲಿ ಮೂವತ್ತೆರಡು. ಇದನ್ನ ನಾನು ಮೇಲಿನವರಿಗೆ ಹೇಗೆ ತೋರಿಸ್ಲಿ? ನಾಲ್ಕು ಗಂಟೆಗೆ ಮಗುವಿಗೊಂದರಂತೆ ಚೀಟಿಗಳ ಮೂವತ್ತೊಂದು ಫೈಲ್ ನನ್ನ ಟೇಬಲ್ ಮೇಲಿರ್ಲಿ. ಆ ಇನ್ನೊಂದು ಚೀಟೀನ ಹರಿದುಬಿಡಿ. ಮಕ್ಕಳ ಮುಂದೇನೇ ಹರೀರಿ. ಆಟ ಸಾಕು ಅಂತ ಅವರಿಗೂ ಗೊತ್ತಾಗ್ಲಿ.”

ಹರಿದರೆ ಬೋರ್ಡಿನ ಮೂಲೆಯ ಮಾತು ಸುಳ್ಳಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ನಾಲ್ಕನೆಯವಳ ಮಾತನ್ನು ದಾಟಿಸಲೆಂದೇ ದನಿ ಪಡೆದ ಇಲಿಮರಿ, ಅವಳೇ ಇಲ್ಲವೆಂದ ಮೇಲೆ ಯಾರ ಮಾತನ್ನು ಆಡಬೇಕು? ಹರಿಯದಿದ್ದರೆ, ಇಲ್ಲದ ಮಗುವೊಂದು ಇದೆ ಎಂದು ವಿಜ್ಞಾನದ ಟೀಚರೊಬ್ಬರು ಒಪ್ಪಿಕೊಂಡಂತೆ.

ಇಲ್ಲಿ ನಾನು ಮಧ್ಯೆ ಪ್ರವೇಶಿಸಲು ಹೊರಟೆ. ‘ಇದೆಲ್ಲವೂ ಆ ಮೂವರ ತುಂಟಾಟವಾಗಿತ್ತು’ ಎಂಬ ಒಂದು ವಾಕ್ಯ ಬರೆದರೆ ಟೀಚರ್‌ಗೆ ಬಿಡುಗಡೆ, ನನಗೂ ಬಿಡುಗಡೆ. ‘ಇದೆಲ್ಲವೂ’ ಎಂದು ಬರೆಯುವಷ್ಟರಲ್ಲಿ ಲಾಯರಮ್ಮ ನನ್ನ ಕಡೆ ತಿರುಗಿ ಎದ್ದು ನಿಂತಳು.

“ತಾತ, ಬೋರ್ಡು ಓದಿದ್ರಾ?”

“ಓದಿದ್ದೇನಮ್ಮ. ಬರೆದವನೇ ನಾನು.”

“ಬರೆದಿದ್ದು ಟೀಚರ್. ಒಬ್ಬರ ಕೆಲಸಾನ ಇನ್ನೊಬ್ಬರು ಮುಗಿಸೋ ಹಾಗಿಲ್ಲ. ನೀವು ಯಾಕೆ ಮುಗಿಸ್ತಿದ್ದೀರ?”

“ಕಥೆ ನನ್ನದು. ಆದಿ, ಮಧ್ಯ, ಅಂತ್ಯ ಅಂತ ಒಂದು ಶಿಸ್ತು ಇರುತ್ತೆ. ನಿನ್ನನ್ನ ಮಾಡಿದವನು ನಾನು.”

“ಸರಿ. ನನ್ನ ಮಾಡಿದ್ರಿ. ಗಡಿಯಾರನ್ನ ಮಾಡಿದ್ರಿ, ಇಲಿಮರೀನ ಮಾಡಿದ್ರಿ.” ಅವಳು ಬೆರಳು ಮಡಚುತ್ತ ಬಂದಳು. ನಾಲ್ಕನೆಯ ಬೆರಳು ನೆಟ್ಟಗೆ ನಿಂತಿತು. “ಅವಳನ್ನ ಮಾಡಿದ್ದು ಯಾರು?”

“ಬೆಲ್ಲಿಗೆ ಇಪ್ಪತ್ತೆರಡು ನಿಮಿಷ,” ಎಂದ ಗಡಿಯಾರ.

ಮಡಚಿಟ್ಟಿದ್ದ ಎರಡನೆಯ ಕರಡಿನ ವಿಷಯ ಹೇಳುವ ಸಮಯ ಬಂತು. ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ‘ಕಿಟಕಿಯ ಬಳಿ ನಾಲ್ಕು ಕುರ್ಚಿಗಳಿದ್ದವು, ಮೂವರು ಕೂತಿದ್ದರು.’ ಶಾಯಿ ನನ್ನದು, ಅಕ್ಷರ ನನ್ನದು. ನಾಲ್ಕನೆಯವಳ ಯೋಚನೆ ಆಗ ನನಗೆ ಹುಟ್ಟಿಯೇ ಇರಲಿಲ್ಲ. ಆದರೆ ಮರುದಿನ ನೋಡಿದಾಗ ವಾಕ್ಯದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ಒಂದು ಚಿಕ್ಕ ನೆಟ್ಟಗೆರೆ ಇತ್ತು. ನಾನು ಪೆನ್ಸಿಲಿನಲ್ಲಿ ಬರೆಯುವುದನ್ನು ಬಿಟ್ಟು ಅರವತ್ತು ವರ್ಷವಾಯಿತು.

ಬರೆದಿದ್ದ ‘ಇದೆಲ್ಲವೂ’ ಎಂಬುದನ್ನು ಹೊಡೆದುಹಾಕಿದೆ. ಲಾಯರಮ್ಮ ಕೂತಳು. ಗೆದ್ದವರು ಕೂರುವ ಹಾಗೆ.

೬

ಆ ಶುಕ್ರವಾರ ಮೂರೂವರೆಗೆ ಮಕ್ಕಳು ಟರ್ಮಿನ ಕೊನೆಯ ಚೀಟಿಗಳನ್ನು ಮೇಜಿನ ಮೇಲಿಟ್ಟರು. ಮನೆಯಲ್ಲಿ ಪೋಷಕರ ಸಹಿ ಹಾಕಿಸಿ ತಂದ ಮೂವತ್ತೊಂದು ಚೀಟಿಗಳು. ಅವುಗಳಡಿ ಮೂವತ್ತೆರಡನೆಯದು. ಈ ಸಲ ಟೀಚರ್ ಮೊದಲು ಓದಿದರು.

‘ಏನು ಕಲಿಯುತ್ತೇನೆ? — ಮನೆಗೆ ಹೋಗುವುದು. ಹೇಗೆ ಗೊತ್ತಾಗುತ್ತದೆ? — ಬಾಗಿಲು ತೆರೆದವರು “ಇಷ್ಟೊತ್ತು ಎಲ್ಲಿದ್ದೆ?” ಅನ್ನುತ್ತಾರೆ. ಯಾರ ಸಹಾಯ ಬೇಕು? — ಟೀಚರದು.’

ಅಕ್ಕನ ಆ ಮಾತನ್ನು ಟೀಚರ್ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪೋಷಕರ ಸಹಿಯ ಗೆರೆ ಖಾಲಿಯಿತ್ತು.

ಇನ್ನು ಮುಕ್ತಾಯ. ಶಿಸ್ತು ಬಿಡಲಾರದೆ ಮೂರನ್ನು ಬರೆದೆ. ಕಿಟಕಿ ಗುಂಪು ಮೂರನ್ನೂ ತಿದ್ದಿ ಹಿಂದಿರುಗಿಸಿದೆ. ಅವರ ಷರಾಗಳೊಡನೆ ಇಲ್ಲಿ ಕೊಡುತ್ತಿದ್ದೇನೆ.

ಮುಕ್ತಾಯ ಒಂದು. ಟೀಚರ್ ಚೀಟಿಯನ್ನು ಹರಿದರು. ಹೆಡ್ ಮೇಡಂ ಮೆಚ್ಚಿದರು. ಹೊಸ ಟರ್ಮಿನ ಮೊದಲ ಸೋಮವಾರ ಇಲಿಮರಿಯ ಚೀಟಿಯಲ್ಲಿ ‘ಏನು ಕಲಿಯುತ್ತೇನೆ?’ ಎಂಬುದರ ಮುಂದೆ ‘ಸುಮ್ಮನಿರುವುದು’ ಎಂದಿತ್ತು. ಟೀಚರ್ ಅದಕ್ಕೂ ಸಹಿ ಹಾಕಿದರು.

(ಗಡಿಯಾರನ ಷರಾ: ‘ಎರಡೇ ನಿಮಿಷದಲ್ಲಿ ಮುಗಿಸಿದ್ದೀರಿ. ಹದಿನಾಲ್ಕು ವಾರ ಆದದ್ದು ಎಲ್ಲಿ ಹೋಯಿತು?’)

ಮುಕ್ತಾಯ ಎರಡು. ಮೂವರೂ ಅಳುತ್ತ ತಪ್ಪೊಪ್ಪಿಕೊಂಡರು. ಚೀಟಿಗಳನ್ನು ಸರದಿಯ ಮೇಲೆ ಎಡಗೈಯಲ್ಲಿ ಬರೆದಿದ್ದರು. ಲ್ಯಾಬಿನ ಕಿಟಕಿಯಿಂದ ಪಿಚಕಾರಿಯಲ್ಲಿ ಲೋಟಕ್ಕೆ ನೀರು ಬಿಟ್ಟಿದ್ದರು. ಎಲ್ಲರೂ ನಕ್ಕರು.

(ಲಾಯರಮ್ಮನ ಷರಾ: ‘ತೆರೆಯಲು ಬಾರದ ಗಾಜು ಎಂದು ಮೂರನೆಯ ಭಾಗದಲ್ಲಿ ನೀವೇ ಬರೆದಿದ್ದೀರಿ. ನಿಮ್ಮ ಉತ್ತರವನ್ನು ನೀವೇ ತಿದ್ದಿಕೊಳ್ಳಿ.’)

ಮುಕ್ತಾಯ ಮೂರು. ಟೀಚರ್ ಪೋಷಕರ ಗೆರೆಯ ಮೇಲೆ ಸಹಿ ಹಾಕಿ ಹೊರಟರು. ಗೇಟಿನಲ್ಲಿ ಮಕ್ಕಳನ್ನು ಎಣಿಸಿ ಬಿಡುವ ವಾಚ್‌ಮನ್, “ನಿಧಾನ ಮೇಡಂ, ಹಿಂದೆ ಮಗು ಬರ್ತಿದೆ,” ಎಂದ. ಟೀಚರ್ ತಿರುಗಿ ನೋಡಲಿಲ್ಲ.

ಇದು ನನಗೆ ಹಿಡಿಸಿತ್ತು. ಮೈ ಜುಮ್ಮೆನ್ನುವಲ್ಲಿ ನಿಲ್ಲಿಸುವುದು ಹಳೆಯ ಕಸುಬು, ಕೈ ಕೊಡುವುದಿಲ್ಲ. ಷರಾ ಬರೆಯದೆ ಇಲಿಮರಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು:

“ಅವಳು ಯಾರ ಹಿಂದೇನೂ ಬರಲ್ಲ ತಾತ. ಪಕ್ಕದಲ್ಲಿ ನಡೀತಾಳೆ.”

ಆದ್ದರಿಂದ ಮುಕ್ತಾಯವನ್ನು ಕೈಬಿಟ್ಟು, ಕಂಡದ್ದನ್ನಷ್ಟೇ ಹೇಳುತ್ತೇನೆ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ತರಗತಿ ಖಾಲಿಯಾಗಿತ್ತು. ಇಲಿಮರಿಯೊಬ್ಬಳು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಟೀಚರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು, ಕೇಳಿದರು:

“ಅವಳಿಗೆ ಮನೆ ಅಂದ್ರೆ ಏನು ಅಂತ ಗೊತ್ತಾ?”

ಇಲಿಮರಿ ಖಾಲಿ ಕುರ್ಚಿಯ ಕಡೆ ತಿರುಗಿದಳು. ಒಬ್ಬರು ಉತ್ತರ ಹೇಳಲು ಬೇಕಾಗುವಷ್ಟು ಹೊತ್ತು ಕಾದಳು.

“ಗೊತ್ತಿಲ್ವಂತೆ ಟೀಚರ್. ಅದಕ್ಕೇ ಕಲೀಬೇಕಂತೆ.”

“ನಿನಗೆ ಭಯ ಆಗಲ್ವೇನೆ?”

“ಮೊದಲು ಆಗ್ತಿತ್ತು,” ಎಂದಳು ಇಲಿಮರಿ. “ಆಮೇಲೆ, ಅವಳಿಗೆ ನನಗಿಂತ ಜಾಸ್ತಿ ಭಯ ಅಂತ ಗೊತ್ತಾಯ್ತು.”

ನಾಲ್ಕು ಗಂಟೆಗೆ ಹೆಡ್ ಮೇಡಂ ಮೇಜಿನ ಮೇಲೆ ಮೂವತ್ತೊಂದು ಫೈಲುಗಳು ಸೇರಿದವು. ಹರಿದ ಕಾಗದದ ಚೂರು ಕಸದ ಬುಟ್ಟಿಯಲ್ಲಿ ಇರಲಿಲ್ಲ. ನಾನೇ ಬಗ್ಗಿ ನೋಡಿದ್ದೇನೆ. ಮೂವತ್ತೆರಡನೆಯ ಚೀಟಿ ಟೀಚರ್ ಪರ್ಸಿನಲ್ಲಿತ್ತು, ಪೋಷಕರ ಗೆರೆಯ ಮೇಲೆ ಅವರ ಸಹಿಯಿತ್ತು. ಆ ಸಹಿಯನ್ನು ನಾನು ಹಾಕಿಸಲಿಲ್ಲ. ನಾನು ಪುಟ ತಿರುಗಿಸುವ ಹೊತ್ತಿಗೆ ಶಾಯಿ ಒಣಗಿತ್ತು.

ಹಾದಿಯುದ್ದಕ್ಕೂ ಟೀಚರ್ ಫುಟ್‌ಪಾತಿನ ಒಂದು ಬದಿಗೆ ಸರಿದೇ ನಡೆದರು. ಸಿಗ್ನಲಿನಲ್ಲಿ ಹಸಿರು ಬಂದಾಗ ತುಸು ತಡೆದು ದಾಟಿದರು. ಎಂದಿಗಿಂತ ಅರ್ಧ ಗಂಟೆ ಹೆಚ್ಚೇ ಹಿಡಿಯಿತು. ದೊಡ್ಡವರ ಹೆಜ್ಜೆಯಲ್ಲ ಅದು. ಮನೆಯ ಮುಂದೆ ನಿಂತು ಬೆಲ್ ಒತ್ತಿದರು. ಒಳಗಿನಿಂದ ಅಕ್ಕನ ಚಪ್ಪಲಿಯ ಸದ್ದು ಬಂತು. ಬಾಗಿಲು ತೆರೆಯಿತು.

“ಇಷ್ಟೊತ್ತು ಎಲ್ಲಿದ್ದೆ?” ಎಂದಳು ಅಕ್ಕ.

ದಿನವೂ ಆಡುವ ಮಾತೇ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇದನ್ನು ಟೀಚರೂ ಬಲ್ಲರು, ನೀವೂ ಬಲ್ಲಿರಿ. ತೀರ್ಮಾನಿಸಬಹುದಾದ ಸಂಗತಿ ಒಂದೇ ಒಂದು ಉಳಿದಿದೆ. ಅದನ್ನು ಒಮ್ಮೆ ಬರೆದೂ ಬರೆದೆ. ಓದಿ, ಹೊಡೆದುಹಾಕಿದೆ. ಮೊಣಕೈಯ ಪಕ್ಕದಲ್ಲಿ ಯಾರೋ ನಿಂತು ಓದುತ್ತಿರುವಾಗ ಬರೆಯುವುದು ಕಷ್ಟ.

ಆ ಮಾತನ್ನಾಡುವಾಗ ಅಕ್ಕನ ಕಣ್ಣು ತಂಗಿಯ ಮುಖದ ಮೇಲಿತ್ತೋ, ಅದಕ್ಕಿಂತ ಕೆಳಗೆ ನೆಟ್ಟಿತ್ತೋ ಎಂಬುದೊಂದನ್ನು ಮಾತ್ರ ನಾನು ಹೇಳುವುದಿಲ್ಲ. ಅದು ನಾನು ಮುಗಿಸಬೇಕಾದ ಕೆಲಸವಲ್ಲ.